ಕಲ್ಪನೆಯಲ್ಲಿ ನಾನು ಹೆಣ್ಣು, ಇದು ಕಾಯಿಲೆಯೇ?

ಪ್ರಶ್ನೆ: ನನಗೆ 34 ವರ್ಷ, ಮದುವೆಯಾಗಿದೆ. ಹದಿಹರೆಯದಿಂದಲೂ ಮಲಗುವ ಮುನ್ನ ನಾನು ಹೆಣ್ಣಾಗಿ ಬದುಕುತ್ತಿರುವಂತೆ ಕಲ್ಪಿಸಿಕೊಳ್ಳುತ್ತೇನೆ. ಅಲ್ಲಿ ಕಿಟಕಿ ಪಕ್ಕ ಕೂತು ಒದ್ದೆ ಕೂದಲು ಒಣಗಿಸಿಕೊಳ್ಳುತ್ತಿರುತ್ತೇನೆ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಕೆಲಸದ ಒತ್ತಡ ಬಂದಾಗ ಇದು ಜಾಸ್ತಿ. ಹೆಂಡತಿಗೆ ಹೇಳಿಲ್ಲ. ನನಗೇನಾಗಿದೆ?

ಉತ್ತರ: ಇದು ಕಾಯಿಲೆಯಲ್ಲ. ಹೀಗೆ ಕಲ್ಪಿಸಿಕೊಳ್ಳುವ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಹುಟ್ಟಿನ ಲಿಂಗಕ್ಕಿಂತ ತಮ್ಮ ಒಳಗುರುತೇ ಬೇರೆ ಎನ್ನುವವರ ಸ್ಥಿತಿಯನ್ನು ಕೂಡ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದಿದೆ.

ಕಾರಣ ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ ಬರೀ ಕುತೂಹಲ, ಕೆಲವರಿಗೆ ಲೈಂಗಿಕ ಕಲ್ಪನೆ. ಇನ್ನು ಕೆಲವರಿಗೆ ಹೊತ್ತ ಪಾತ್ರದಿಂದ ಒಂದಿಷ್ಟು ಬಿಡುವು ಬೇಕಿರುತ್ತದೆ. ಮತ್ತೆ ಕೆಲವರಿಗೆ ತಮ್ಮ ದೇಹವೇ ತಮ್ಮದಲ್ಲ ಅನ್ನಿಸುತ್ತದೆ. ನಿಮ್ಮ ಪತ್ರದಲ್ಲಿ ನಮಗೆ ತಟ್ಟಿದ್ದು 'ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ' ಎಂಬ ಮಾತು. ಅದು ದೇಹದ ಬಗೆಗಿನ ಮಾತಲ್ಲ. ಆದರೆ ಒಂದು ವಾಕ್ಯ ನೋಡಿ ತೀರ್ಮಾನ ಮಾಡಲಾಗದು, ನೀವೇ ಪರೀಕ್ಷಿಸಿ ನೋಡಬೇಕು.

ಮೂರು ವಾರ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಕಲ್ಪನೆ ಬಂದಾಗಲೆಲ್ಲ ನಾಲ್ಕೇ ಸಾಲು: ಆ ದಿನ ಏನಾಗಿತ್ತು, ಕಲ್ಪನೆಯಲ್ಲಿ ಯಾವ ಕ್ಷಣ ಹಿತವಾಯಿತು, ಅದರಲ್ಲಿ ದೇಹ ಎಷ್ಟಿತ್ತು, ವಾಪಸು ಬಂದಾಗ ಹೇಗನ್ನಿಸಿತು. ಹತ್ತು ನಿಮಿಷದೊಳಗೆ ಬರೆಯಿರಿ. ಮರುದಿನಕ್ಕೆ ಬಿಟ್ಟರೆ ನಡೆದದ್ದರ ಬದಲು ನೀವು ಹೆದರಿದ್ದು ಪುಟಕ್ಕಿಳಿಯುತ್ತದೆ. ಕೊನೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅದೇ ನಿರಾಳ ಗಂಡಸಾಗಿಯೇ ಸಿಕ್ಕರೆ ಈ ಆಸೆ ಉಳಿಯುತ್ತದೆಯೇ? ಉಳಿಯದಿದ್ದರೆ ಬದಲಾಗಬೇಕಾದ್ದು ನಿಮ್ಮ ದಿನಚರಿ. ಉಳಿದರೆ, ಅದರಲ್ಲೂ ಗಡ್ಡ, ದನಿ, ಎದೆ ಕಂಡಾಗಲೆಲ್ಲ ಸಂಕಟವಾಗಿ ಅದು ಆರು ತಿಂಗಳಿಗೂ ಮೀರಿದ್ದರೆ, ಲಿಂಗ ಗುರುತಿನ ವಿಷಯ ಬಲ್ಲ ಮನೋವೈದ್ಯರನ್ನು ಕಾಣಿ. ವೈದ್ಯರೂ ಸಾಮಾನ್ಯವಾಗಿ ಆರು ತಿಂಗಳ ಅವಧಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಮಾಡಬಾರದ್ದೂ ಇದೆ. ಕಲ್ಪನೆಯನ್ನು ಅದುಮಬೇಡಿ, ಅದುಮಿದಷ್ಟೂ ಮರಳಿ ಬರುತ್ತದೆ. ಆನ್‌ಲೈನ್ ಕ್ವಿಜ್‌ಗಳಲ್ಲಿ 'ನಾನು ಒಳಗೆ ಹೆಣ್ಣು ಹೌದೋ ಅಲ್ಲವೋ' ಎಂದು ಪದೇಪದೇ ತಾಳೆ ನೋಡಬೇಡಿ. ಪ್ರತಿ ಸಲವೂ ಸಮಾಧಾನ ಸ್ವಲ್ಪ ಹೊತ್ತು ಮಾತ್ರ, ಆಮೇಲೆ ಸಂಶಯ ಇನ್ನಷ್ಟು ಬಿಗಿಯುತ್ತದೆ. ಅದು ಗೀಳು ಕಾಯಿಲೆಯ (ಒಸಿಡಿ) ಲಕ್ಷಣವಾಗಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ. ವೈದ್ಯರಿಲ್ಲದೆ ಹಾರ್ಮೋನ್ ಮಾತ್ರೆ ಖಂಡಿತ ಬೇಡ. ಹೆಣ್ಣು ಹಾರ್ಮೋನ್ ಆದ ಈಸ್ಟ್ರೋಜೆನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಸಂತಾನಶಕ್ತಿ ಕುಂದಬಹುದು, ಬೆಳೆದ ಸ್ತನ ಮಾತ್ರೆ ಬಿಟ್ಟರೂ ಇಳಿಯುವುದಿಲ್ಲ.

ಹೆಂಡತಿಗೆ ಹೇಳುವುದನ್ನು ಮೂರು ವಾರ ಮುಗಿದ ಮೇಲೆ ಇಟ್ಟುಕೊಳ್ಳಿ. ಜಗಳದ ನಡುವೆ ಬೇಡ, ಮಲಗುವ ಹೊತ್ತಿನಲ್ಲೂ ಬೇಡ. ನಿಮ್ಮ ಪುಸ್ತಕದಲ್ಲಿ ಸಿಕ್ಕಿದ್ದನ್ನಷ್ಟೇ ಹೇಳಿ, ಅದಕ್ಕೊಂದು ಹೆಸರು ಕಟ್ಟಲು ಹೋಗಬೇಡಿ. 'ನನ್ನನ್ನು ಬಿಟ್ಟುಹೋಗುತ್ತೀರಾ' ಎಂಬುದೇ ಅವರ ಮೊದಲ ಪ್ರಶ್ನೆಯಾಗಬಹುದು, ಅದಕ್ಕೆ ಉತ್ತರ ಯೋಚಿಸಿಕೊಂಡೇ ಕೂರಿ. ಅವರು ಸುಮ್ಮನಾದರೆ ಒತ್ತಾಯಿಸಬೇಡಿ. ನೀವು ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಅವರು ಅಂದೇ ಮೊದಲ ಸಲ ಕೇಳುತ್ತಿರುತ್ತಾರೆ, ಪ್ರಶ್ನೆಗಳು ವಾರ ಕಳೆದು ಬಂದರೂ ಬಂದಾವು.