ರೇಟು ಎಷ್ಟು ಹೇಳಲಿ, ಹೇಗೆ ಹೇಳಲಿ?

ಪ್ರಶ್ನೆ: ನಾನು ತುಮಕೂರಿನ ಕ್ಯಾತಸಂದ್ರದವಳು. ಬೆಂಗಳೂರಿನ ಡಿಸೈನರ್ ಕೆಲಸ ಬಿಟ್ಟು ಎರಡು ವರ್ಷದಿಂದ ಮನೆಯಲ್ಲೇ ಲೋಗೋ, ಮದುವೆ ಕರೆಯೋಲೆ, ಅಂಗಡಿ ಪೋಸ್ಟರ್ ಮಾಡಿಕೊಡುತ್ತಿದ್ದೇನೆ. ಲೋಗೋಗೆ 800 ರೂಪಾಯಿ, ವಾಟ್ಸ್ಯಾಪ್ ಕರೆಯೋಲೆಗೆ 500. ದಿನವಿಡೀ ಕೆಲಸ ಇರುತ್ತದೆ, ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ಇರಲ್ಲ. ಜಾಸ್ತಿ ಹೇಳಿದರೆ "ಎರಡು ಗೆರೆ ಎಳೆಯೋಕೆ ಇಷ್ಟೊಂದಾ ಮೇಡಂ, ಕ್ಯಾನ್ವಾ ಆ್ಯಪ್‌ನಲ್ಲಿ ಫ್ರೀ ಸಿಗುತ್ತಲ್ಲ" ಅಂತಾರೆ. ಇನ್‌ಸ್ಟಾಗ್ರಾಂನಲ್ಲಿ 3 ಸಾವಿರ ಫಾಲೋವರ್ಸ್ ಇದ್ದಾರೆ, ಆರ್ಡರ್ ಮಾತ್ರ ಗೊತ್ತಿರುವವರಿಂದಲೇ ಬರುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ 800 ರೂಪಾಯಿ ಎಲ್ಲಿಂದ ಬಂತು ನೋಡೋಣ. ಪಕ್ಕದವರು ಎಷ್ಟು ತಗೊಳ್ತಾರೆ ಅಂತ ವಿಚಾರಿಸಿ, ಅದಕ್ಕಿಂತ ನೂರು ಕಡಿಮೆ ಇಟ್ಟಿರುತ್ತೀರಿ, ಅಲ್ವಾ? ಬಹಳ ಜನ ಮಾಡುವುದು ಇದನ್ನೇ. ಆದರೆ ಆ ಪಕ್ಕದವರಿಗೆ ಸ್ವಂತ ಪ್ರಿಂಟಿಂಗ್ ಪ್ರೆಸ್ ಇರಬಹುದು. ಡಿಸೈನ್ ಪುಕ್ಕಟೆ ಕೊಟ್ಟು ಪ್ರಿಂಟಿನಲ್ಲಿ ಲಾಭ ತೆಗೆಯಬಹುದು. ಇಲ್ಲವೇ ಬೇರೆ ಕಡೆ ಸಂಬಳ ಬರುತ್ತಿರಬಹುದು. ಅವರ ಲೆಕ್ಕದಲ್ಲಿ ನಿಮ್ಮ ಮನೆ ನಡೆಯುವುದಿಲ್ಲ.

ನಿಮ್ಮದೇ ಲೆಕ್ಕ ಹಾಕಿ. ಒಂದು ಉದಾಹರಣೆ ಕೊಡುತ್ತೇನೆ, ಅಂಕಿಗಳನ್ನು ನಿಮಗೆ ತಕ್ಕಂತೆ ಬದಲಿಸಿಕೊಳ್ಳಿ. ಮನೆಗೆ ತಿಂಗಳಿಗೆ 25,000 ಬೇಕು ಅಂತಿಟ್ಟುಕೊಳ್ಳಿ. 60,000ದ ಲ್ಯಾಪ್‌ಟಾಪ್ ಮೂರು ವರ್ಷ ಬಾಳಿದರೆ ತಿಂಗಳಿಗೆ ಸುಮಾರು 1,700. ಕರೆಂಟು, ಇಂಟರ್‌ನೆಟ್‌ಗೆ 1,200. ಸಾಫ್ಟ್‌ವೇರ್, ಫಾಂಟ್‌ಗಳಿಗೆ 2,000. ಫೋನು, ಪೆಟ್ರೋಲಿಗೆ 1,600. ಆರೋಗ್ಯ ವಿಮೆ ಮತ್ತು ಉಳಿತಾಯಕ್ಕೆ 3,500. ಒಟ್ಟು 35,000.

ಈಗ ಗಂಟೆ ಎಣಿಸಿ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಅಂದರೆ 200 ಗಂಟೆ. ಅಷ್ಟಕ್ಕೂ ದುಡ್ಡು ಬರುವುದಿಲ್ಲ. ಫೋನಿನಲ್ಲಿ ರೇಟು ಹೇಳುವುದು, ಪೋಸ್ಟ್ ಹಾಕುವುದು, ಬಾಕಿ ಕೇಳುವುದು, ಪ್ರೆಸ್‌ಗೆ ಓಡಾಡುವುದು, ಹೊಸದೇನಾದರೂ ಕಲಿಯುವುದು, ಇವೆಲ್ಲ ಸೇರಿ ಅರ್ಧ ಸಮಯ ತಿನ್ನುತ್ತವೆ. ಕೂಲಿ ಸಿಗುವ ಗಂಟೆ 100 ಅಂತ ಹಿಡಿಯಿರಿ. ಅಂದರೆ ನಿಮ್ಮ ಒಂದು ಗಂಟೆಗೆ 350 ರೂಪಾಯಿ ಬರಲೇಬೇಕು. ಒಂದು ಲೋಗೋಗೆ ಮಾತುಕತೆ, ಸ್ಕೆಚ್, ಎರಡು ಮೂರು ಮಾದರಿ, ತಿದ್ದುಪಡಿ, ಫೈಲ್ ತಯಾರಿ ಸೇರಿ 14 ಗಂಟೆ ಹಿಡಿದರೆ 4,900 ಆಯಿತು. ನೀವು 800ಕ್ಕೆ ಮಾಡಿಕೊಡುತ್ತಿದ್ದೀರಿ. ದಿನವಿಡೀ ದುಡಿದರೂ ಸಾಲದೇ ಇರುವುದು ಇದಕ್ಕೇ. ನಿಮ್ಮ ಕೈಗುಣದಲ್ಲಿ ಏನೂ ಕಮ್ಮಿ ಇಲ್ಲ.

ಈ ಗಂಟೆ ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ. ಗಿರಾಕಿಗೆ ಗಂಟೆಯ ರೇಟು ಹೇಳಬೇಡಿ, ಕೆಲಸದ ರೇಟು ಹೇಳಿ. ಗಂಟೆ ಹೇಳಿದರೆ ಕೈ ಚುರುಕಾದಷ್ಟೂ ನಿಮ್ಮ ಸಂಪಾದನೆ ಇಳಿಯುತ್ತದೆ. ಗಿರಾಕಿಯೂ ಗಡಿಯಾರ ನೋಡುತ್ತಾ ಕೂರುತ್ತಾರೆ.

ಹಾಗಂತ ನಾಳೆಯಿಂದ ಎಲ್ಲರಿಗೂ 4,900 ಅನ್ನಬೇಡಿ. ಹೊಸದಾಗಿ ಬರುವವರಿಗೆ ಹೊಸ ರೇಟು ಹೇಳಿ. ಹಳೆಯ ಗಿರಾಕಿಗಳಿಗೆ ಒಂದು ತಿಂಗಳು ಮುಂಚೆ ಮೆಸೇಜ್ ಕಳಿಸಿ: "ಯುಗಾದಿಯಿಂದ ನಮ್ಮ ರೇಟು ಬದಲಾಗುತ್ತದೆ. ಅಲ್ಲಿಯವರೆಗೆ ಬಂದ ಕೆಲಸಕ್ಕೆ ಹಳೆಯ ರೇಟೇ." ಕಾರಣ ಉದ್ದ ಬರೆಯಬೇಡಿ, ಕ್ಷಮೆಯನ್ನಂತೂ ಕೇಳಲೇಬೇಡಿ. ಕೆಲವರು ಹೋಗುತ್ತಾರೆ. ಅರ್ಧ ಗಿರಾಕಿಗಳು ಹೋದರೂ ಉಳಿದವರಿಂದ ಎರಡರಷ್ಟು ಬಂದರೆ ಆದಾಯ ಅಷ್ಟೇ ಇರುತ್ತದೆ, ನಿದ್ದೆ ಮಾಡಲು ಸಮಯ ಸಿಗುತ್ತದೆ.

ದುಡ್ಡು ಕಡಿಮೆ ಇರುವವರಿಗೂ ಒಂದು ದಾರಿ ಇಡಿ. ನೀವೇ ಮೊದಲೇ ಮಾಡಿಟ್ಟ ಐದಾರು ಮಾದರಿಯ ಕರೆಯೋಲೆ ಇರಲಿ. ಹೆಸರು, ಮುಹೂರ್ತ, ಛತ್ರದ ವಿಳಾಸ ಬದಲಿಸಿ ಕೊಡಲು ಎರಡು ಗಂಟೆ ಸಾಕು, ಅದಕ್ಕೆ 700. ಅವರಿಗೆಂದೇ ಹೊಸದಾಗಿ ಬರೆಯಬೇಕಾದರೆ 2,000. ಯಾರಾದರೂ "ಸ್ವಲ್ಪ ನೋಡ್ಕೊಂಡು ಹಾಕಿ ಮೇಡಂ" ಅಂದಾಗ ರೇಟು ಇಳಿಸಬೇಡಿ, ಕೆಲಸ ಇಳಿಸಿ. ಮೂರು ಮಾದರಿಯ ಬದಲು ಒಂದೇ ಮಾದರಿ, ಮೂರು ಸಲ ತಿದ್ದುವ ಬದಲು ಒಂದು ಸಲ. ಅದೇ ಕೆಲಸವನ್ನು ಕಡಿಮೆಗೆ ಕೊಟ್ಟರೆ ಮೊದಲು ಹೇಳಿದ ರೇಟು ಸುಳ್ಳು ಅಂತ ನೀವೇ ಒಪ್ಪಿದ ಹಾಗೆ.

ಕ್ಯಾನ್ವಾ ವಿಷಯ. ಕ್ಯಾನ್ವಾ ಸಾಕು ಅನ್ನುವವರಿಗೆ ನಿಜವಾಗಿಯೂ ಅದು ಸಾಕಾಗಬಹುದು. ಅವರ ಜೊತೆ ವಾದ ಬೇಡ. ನಿಮ್ಮ ಬಲ ಬೇರೆ ಕಡೆ ಇದೆ, ಅದನ್ನು ನೀವು ಹೇಳಿಕೊಳ್ಳುತ್ತಲೇ ಇಲ್ಲ. ಅದು ಕನ್ನಡ ಅಕ್ಷರ. ಫೋಟೋಶಾಪ್, ಇಲಸ್ಟ್ರೇಟರ್‌ನಲ್ಲಿ ಭಾರತೀಯ ಭಾಷೆಯ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿಯಬಹುದು. 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಈಗಿನ ಯುನಿಕೋಡ್ ಫಾಂಟಿಗೆ ಹಾಗೇ ಅಂಟಿಸಿದರೆ ಪೂರ್ತಿ ಕಲಸಿಹೋಗುತ್ತದೆ. ಎಐ ಚಿತ್ರಗಳಲ್ಲಿ ಕನ್ನಡ ಅಕ್ಷರ ತಪ್ಪಾಗಿ ಬರುವುದನ್ನು ನೀವೂ ನೋಡಿರುತ್ತೀರಿ. ಬಿ.ಎಚ್. ರಸ್ತೆಯಲ್ಲಿ ಒಮ್ಮೆ ನಡೆದು ಬನ್ನಿ, ಒತ್ತಕ್ಷರ ಮುರಿದ ಬೋರ್ಡುಗಳು ಕಣ್ಣಿಗೆ ಬಿದ್ದೇ ಬೀಳುತ್ತವೆ. ನನಗೆ ಅವನ್ನು ಕಂಡರೆ ಸಂಕಟವಾಗುತ್ತದೆ. ಅಷ್ಟು ದುಡ್ಡು ಹಾಕಿ ಅಂಗಡಿ ಮಾಡಿದವರ ಹೆಸರೇ ತಪ್ಪಾಗಿ ನಿಂತಿರುತ್ತದೆ! "ಕನ್ನಡದಲ್ಲಿ ಅಚ್ಚುಕಟ್ಟಾದ ಬರಹ, ಪ್ರೆಸ್‌ಗೆ ನೇರ ಕೊಡಬಹುದಾದ ಫೈಲ್" ಅಂತ ನಿಮ್ಮ ಪ್ರೊಫೈಲಿನ ಮೊದಲ ಸಾಲಿನಲ್ಲೇ ಬರೆಯಿರಿ. ಅಂಚಿನಲ್ಲಿ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಲು ಬಿಡುವ ಹೆಚ್ಚುವರಿ ಜಾಗ), ಸಿಎಂವೈಕೆ ಬಣ್ಣ (ಅಚ್ಚಿನ ನಾಲ್ಕು ಬಣ್ಣದ ಲೆಕ್ಕ), ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿ ಔಟ್‌ಲೈನ್ ಮಾಡಿದ ಪಿಡಿಎಫ್, ಇಷ್ಟು ಸರಿಯಾಗಿ ಕೊಟ್ಟರೆ ಪ್ರೆಸ್‌ನವರೇ ನಿಮ್ಮ ಹತ್ತಿರ ಗಿರಾಕಿ ಕಳಿಸುತ್ತಾರೆ.

ಪ್ರಚಾರಕ್ಕೂ ರೇಟಿಗೂ ನೇರ ಸಂಬಂಧ ಇದೆ. "ರೇಟಿಗಾಗಿ ಡಿಎಂ ಮಾಡಿ" ಅಂತ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ನಿಮ್ಮೂರಿನ ತಟ್ಟೆ ಇಡ್ಲಿ ಹೋಟೆಲಿನಲ್ಲಿ ರೇಟು ಗೋಡೆ ಮೇಲೆ ಇರುತ್ತದೆ, ಅಲ್ಲಿ ಯಾರೂ ಚೌಕಾಸಿಗೆ ಇಳಿಯುವುದಿಲ್ಲ. "ಲೋಗೋ 4,900ರಿಂದ, ಕರೆಯೋಲೆ 700ರಿಂದ" ಅಂತ ಪ್ರೊಫೈಲಿನಲ್ಲಿ ಪಿನ್ ಮಾಡಿ. ಕೇಳಲು ಸಂಕೋಚಪಟ್ಟು ಸುಮ್ನೆ ಹೋಗುವವರು ನಿಲ್ಲುತ್ತಾರೆ. 300ಕ್ಕೆ ಹುಡುಕುವವರು ನಿಮ್ಮ ಅರ್ಧ ಗಂಟೆ ತಿನ್ನದೆ ಮುಂದೆ ಹೋಗುತ್ತಾರೆ.

ಆ 3 ಸಾವಿರ ಫಾಲೋವರ್ಸ್‌ನಲ್ಲಿ ಬಹಳಷ್ಟು ಜನ ನಿಮ್ಮ ಹಾಗೇ ಡಿಸೈನರ್‌ಗಳು ಇರಬಹುದು. ಅವರು ಲೈಕ್ ಕೊಡುತ್ತಾರೆ, ಕೆಲಸ ಕೊಡುವುದಿಲ್ಲ. ಬೇಕರಿ, ಟ್ಯೂಷನ್, ಕ್ಲಿನಿಕ್, ಬಟ್ಟೆ ಅಂಗಡಿ ಇಟ್ಟವರು "ತುಮಕೂರಿನಲ್ಲಿ ಲೋಗೋ ಡಿಸೈನ್" ಅಂತ ಗೂಗಲ್‌ನಲ್ಲಿ ಹುಡುಕುತ್ತಾರೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಮನೆಯ ವಿಳಾಸ ಕಾಣಬಾರದು ಅಂದರೆ ಅದನ್ನು ಮರೆಮಾಡಿ, ಸೇವೆ ಕೊಡುವ ಊರುಗಳನ್ನು ಮಾತ್ರ ಹಾಕಬಹುದು: ತುಮಕೂರು, ಗುಬ್ಬಿ, ಕುಣಿಗಲ್, ಮಧುಗಿರಿ. ಕೆಲಸ ಮುಗಿದ ದಿನವೇ ಗಿರಾಕಿಗೆ ರಿವ್ಯೂ ಲಿಂಕ್ ಕಳಿಸಿ. ವಾರ ಕಳೆದರೆ ಯಾರೂ ಬರೆಯುವುದಿಲ್ಲ.

ಪೋಸ್ಟ್ ಹಾಕುವಾಗ ಮುಗಿದ ಲೋಗೋ ಮಾತ್ರ ತೋರಿಸಬೇಡಿ. ಅಂಗಡಿಯ ಹಳೆಯ ಬೋರ್ಡ್ ಹೇಗಿತ್ತು, ಏನು ಬದಲಾಯಿಸಿದಿರಿ, ಏಕೆ, ಅಂತ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಅಂಗಡಿಯವರ ಒಪ್ಪಿಗೆ ಕೇಳಿ ಅವರನ್ನೂ ಟ್ಯಾಗ್ ಮಾಡಿ. ಅವರ ಗಿರಾಕಿಗಳು ನೋಡುತ್ತಾರೆ, ನಿಮಗೆ ಬೇಕಾದವರು ಅವರೇ.

ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ, ಕರೆಯೋಲೆ ಕೆಲಸ ನಿಂತುಹೋಗುತ್ತದೆ. ಆ ಗಾಬರಿಯಲ್ಲೇ ಎಲ್ಲರೂ ರೇಟು ಇಳಿಸುವುದು. ಆಷಾಢ ಶುರುವಾಗುವ ಮುಂಚೆಯೇ ಅಂಗಡಿಗಳಿಗೆ ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿ ಪೋಸ್ಟರ್‌ಗಳನ್ನು ಒಂದೇ ಪ್ಯಾಕೇಜ್ ಮಾಡಿ ಹೇಳಿ, ಅರ್ಧ ಮುಂಗಡ ತೆಗೆದುಕೊಳ್ಳಿ. ಧನುರ್ಮಾಸಕ್ಕೆ ಕ್ಯಾಲೆಂಡರ್, ಸಂಕ್ರಾಂತಿ ಶುಭಾಶಯ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಬಂದ ಮೇಲೆ ಬಹಳ ಜನ ಯುಪಿಐ ಬೇಡ ಅನ್ನತೊಡಗಿದರು. ನೀವು ಹೆದರಬೇಕಿಲ್ಲ. ನಮ್ಮ ರಾಜ್ಯದಲ್ಲಿ ಬರೀ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ವ್ಯವಹಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟು, ಪ್ರತಿ ಕೆಲಸಕ್ಕೂ ಬಿಲ್ ಕೊಡಿ. ಆದಾಯ ತೆರಿಗೆ ರಿಟರ್ನ್ ಬೇರೆ ವಿಷಯ, ಅದನ್ನು ಬಿಡಬೇಡಿ. ಮುಂದೆ ಸಾಲ ಬೇಕಾದಾಗ ಬ್ಯಾಂಕಿನವರು ಮೊದಲು ಕೇಳುವುದೇ ಅದನ್ನು.

ಪ್ರಶ್ನೆ: ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆ ಮಾರುವ ಒಬ್ಬರಿಗೆ ಬಾಟಲಿ ಲೇಬಲ್ ಡಿಸೈನ್ ಮಾಡಿಕೊಟ್ಟೆ. ಮೂರು ತಿಂಗಳಾದರೂ ಅರ್ಧ ದುಡ್ಡು ಬಾಕಿ. ಈಗ "ಓಪನ್ ಫೈಲ್ ಕೊಡಿ, ದುಡ್ಡು ಕೊಟ್ಟ ಮೇಲೆ ಅದು ನಮ್ಮದೇ ತಾನೇ" ಅನ್ನುತ್ತಿದ್ದಾರೆ. ತಿದ್ದಲು ಬರುವ ಆ ಮೂಲ ಫೈಲ್ ಕೊಡಬೇಕಾ?

ಉತ್ತರ: ಬರಹದಲ್ಲಿ ಒಪ್ಪಿಕೊಂಡಿಲ್ಲದಿದ್ದರೆ ಕೊಡಲೇಬೇಕು ಅಂತೇನಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳಕ್ಕಲ್ಲದೆ ಸ್ವತಂತ್ರವಾಗಿ ಮಾಡಿದ ಇಂಥ ಡಿಸೈನ್‌ನ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಅದನ್ನು ಮಾಡಿದವರೇ. ಹಕ್ಕು ಆ ಎಣ್ಣೆ ವ್ಯಾಪಾರಿಗೆ ಹೋಗಬೇಕಾದರೆ ನೀವು ಸಹಿ ಮಾಡಿದ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಅಂತ, ಜಾಗ ಹೇಳದಿದ್ದರೆ ಭಾರತದೊಳಗೆ ಮಾತ್ರ ಅಂತ ಕಾಯ್ದೆಯೇ ಹೇಳುತ್ತದೆ. ಇಲ್ಲೊಂದು ಎಚ್ಚರಿಕೆ. ಫೋಟೋಗ್ರಾಫರ್‌ಗಳಿಗೆ ಇದು ತಿರುವುಮುರುವು. ದುಡ್ಡು ಕೊಟ್ಟು ತೆಗೆಸಿದ ಫೋಟೊ, ವಿಡಿಯೊಗಳ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರದ್ದೇ. ನೀವು ಮದುವೆ ಫೋಟೊ ಕೂಡ ತೆಗೆಯುವುದಾದರೆ, ನಿಮ್ಮ ಪುಟದಲ್ಲಿ ಹಾಕಿಕೊಳ್ಳಲು ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಆದರೆ ಕಾನೂನು ಹಿಡಿದು ಜಗಳಕ್ಕೆ ಇಳಿಯುವುದು ಬೇಡ ಅಂತ ನನ್ನ ಸಲಹೆ. ಊರು ಚಿಕ್ಕದು, ಕೊಬ್ಬರಿ ವ್ಯಾಪಾರದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಬಾಕಿ ಪೂರ್ತಿ ಬಂದ ಮೇಲೆ ಓಪನ್ ಫೈಲ್‌ಗೆ ಬೇರೆ ದರ ಹೇಳಿ. ಡಿಸೈನ್ ದರದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕೇಳುವುದು ನ್ಯಾಯ ಅನ್ನಿಸುತ್ತದೆ. ಓಪನ್ ಫೈಲ್ ಇದ್ದರೆ ನಾಳೆ ಅರ್ಧ ಲೀಟರ್ ಬಾಟಲಿಯ ಲೇಬಲ್‌ಗೆ ಅವರು ನಿಮ್ಮ ಹತ್ತಿರ ಬರಬೇಕಿಲ್ಲ. ಆ ಅನುಕೂಲಕ್ಕೆ ಬೆಲೆ ಇದೆ.

ಬಾಕಿ ವಿಷಯಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ನಂಬರ್ ಕೊಟ್ಟು ಮಾಡಬಹುದು, ಶುಲ್ಕ ಇಲ್ಲ. ದುಡ್ಡು ಕೇಳುವ ನಕಲಿ ವೆಬ್‌ಸೈಟ್‌ಗಳಿವೆ, ಹುಷಾರು. ನೋಂದಾಯಿತ ಕಿರು ಉದ್ಯಮದಿಂದ ಕೆಲಸ ಮಾಡಿಸಿಕೊಂಡವರು ಬಿಲ್ಲಿನ ದುಡ್ಡನ್ನು, ಹೆಚ್ಚು ದಿನದ ಒಪ್ಪಂದ ಇದ್ದರೂ, 45 ದಿನದೊಳಗೆ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಈಗಾಗಲೇ ಮುಗಿದ ಕೆಲಸಕ್ಕೆ ಇದು ನೆರವಾಗುವುದು ಕಷ್ಟ, ಹಾಗಾಗಿ ಮುಂದಿನ ಆರ್ಡರ್‌ಗೆ ಮುಂಚೆ ಮಾಡಿಸಿಕೊಳ್ಳಿ. ಇನ್ನು ಮೇಲೆ ಅರ್ಧ ಮುಂಗಡ ಬಂದ ಮೇಲೆ ಕೆಲಸ ಶುರು, ಪೂರ್ತಿ ಬಂದ ಮೇಲೆ ಪ್ರೆಸ್‌ ಫೈಲ್. ಅಲ್ಲಿಯವರೆಗೆ ವಾಟರ್‌ಮಾರ್ಕ್ ಇರುವ ಜೆಪಿಜಿ ಮಾತ್ರ.

ಲೇಬಲ್ ಕೆಲಸದಲ್ಲಿ ಇನ್ನೊಂದು ಮಾತು. ಎಂಆರ್‌ಪಿ, ನಿವ್ವಳ ಪ್ರಮಾಣ, ಎಫ್‌ಎಸ್‌ಎಸ್‌ಎಐ ನಂಬರ್ (ಆಹಾರ ಪರವಾನಗಿ ಸಂಖ್ಯೆ) ಇವನ್ನೆಲ್ಲ ಅವರೇ ಬರೆದು ಕಳಿಸಲಿ. ಪ್ರಿಂಟಿಗೆ ಹೋಗುವ ಮುಂಚೆ "ಓದಿದ್ದೇವೆ, ಎಲ್ಲ ಸರಿ ಇದೆ" ಅಂತ ವಾಟ್ಸ್ಯಾಪ್‌ನಲ್ಲಿ ಉತ್ತರ ಪಡೆಯಿರಿ. ಹತ್ತು ಸಾವಿರ ಲೇಬಲ್ ತಪ್ಪಾಗಿ ಅಚ್ಚಾದಾಗ ಆ ಒಂದು ಮೆಸೇಜ್ ನಿಮ್ಮನ್ನು ಕಾಯುತ್ತದೆ.

ಪ್ರಶ್ನೆ: ಶಿರಾದಲ್ಲಿ ಬ್ಲೌಸ್‌ಗೆ ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಮಾಡುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ 500 ರೂಪಾಯಿ ಕೊಟ್ಟು ಪೋಸ್ಟ್ ಬೂಸ್ಟ್ ಮಾಡಿದೆ (ಜಾಸ್ತಿ ಜನಕ್ಕೆ ಕಾಣುವ ಜಾಹೀರಾತು), ಲೈಕ್ ಬಂತು, ಆರ್ಡರ್ ಬರಲಿಲ್ಲ. ಮೊನ್ನೆ ಒಬ್ಬರು ಆರ್ಮಿ ಆಫೀಸರ್ ಅಂತ ಫೋನ್ ಮಾಡಿ 20 ಬ್ಲೌಸ್ ಬೇಕು, ಅಡ್ವಾನ್ಸ್ ಕಳಿಸ್ತೀವಿ, ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರು. ಮಾಡಲಾ?

ಉತ್ತರ: ಬೇಡವೇ ಬೇಡ. ದುಡ್ಡು ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಪಿನ್ ಹಾಕಿದರೆ ನಿಮ್ಮ ಖಾತೆಯಿಂದಲೇ ಹೋಗುತ್ತದೆ. ಸೈನ್ಯದ ಹೆಸರು ಹೇಳುವ ಈ ಮೋಸ ಹಳೆಯದು. ಈಗಾಗಲೇ ಸ್ಕ್ಯಾನ್ ಮಾಡಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೂಸ್ಟ್ ಮಾಡುವಾಗ ಊರು ಆರಿಸಿದಿರಾ? ಅಳತೆ ಕೊಡಲು, ಬಟ್ಟೆ ತಲುಪಿಸಲು ಬರಬಲ್ಲವರು ಶಿರಾ, ತುಮಕೂರು, ಮಧುಗಿರಿ, ಹಿರಿಯೂರಿನ ಕಡೆಯವರು. ಆ ಸುತ್ತಮುತ್ತಲಿನ ಹೆಂಗಸರಿಗೆ ಮಾತ್ರ ಕಾಣುವಂತೆ ಇಡಿ. ಲೈಕ್ ಬದಲು ವಾಟ್ಸ್ಯಾಪ್ ಮೆಸೇಜ್ ಬರುವ ಆಯ್ಕೆ ತೆಗೆದುಕೊಳ್ಳಿ. ದುಡ್ಡು ಹಾಕುವುದಕ್ಕೆ ಮುಂಚೆ ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್ ಹಾಕಿಕೊಂಡು ಕ್ಯಾಟಲಾಗ್ ತುಂಬಿಸಿ. ಪ್ರತಿ ಡಿಸೈನ್‌ಗೂ ರೇಟು ಮತ್ತು ಎಷ್ಟು ದಿನ ಬೇಕು ಅಂತ ಬರೆಯಿರಿ. ಮಗ್ಗದ (ಬಟ್ಟೆ ಬಿಗಿದ ಚೌಕಟ್ಟಿನ) ಮೇಲೆ ಕೈ ಓಡುತ್ತಿರುವ ಅರ್ಧ ನಿಮಿಷದ ವಿಡಿಯೊ, ಮುಗಿದ ಬ್ಲೌಸ್‌ನ ಫೋಟೊಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಕಣ್ಣಾರೆ ನೋಡಿದವರು 3,000 ಅಂದಾಗ ಬೆಚ್ಚುವುದಿಲ್ಲ.