ಮಾಲ್ಡೀವ್ಸ್‌ನಲ್ಲಿ ಗೆಳೆಯರು ಸಿಗುತ್ತಾರಾ?

ದಾವಣಗೆರೆ ಬಿಟ್ಟು ಮಾಲ್ಡೀವ್ಸ್‌ಗೆ ಮೇಷ್ಟ್ರಾಗಿ ಹೋಗುತ್ತಿದ್ದೇನೆ, ಒಂಟಿಯಾಗಿಬಿಡುತ್ತೇನಾ ಅಂತ ಕೇಳಿದ್ದೀರಿ. ಮೊದಲ ತಿಂಗಳು ಬೇಜಾರು ಇದ್ದೇ ಇರುತ್ತದೆ ಸರ್. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ನಮ್ಮ ಮನೆಯವರೆಲ್ಲ ಕಾಲ್ ಮಾಡುವ ಹೊತ್ತಿಗೆ ನಾನು ಕ್ಲಾಸಿನಲ್ಲಿ!

ಸಂಜೆ ರೂಮಿನಲ್ಲಿ ಕೂರಬೇಡಿ. ಬೀದಿ ಬದಿ ಹಗ್ಗದ ಬಲೆ ಹೆಣೆದ ಕುರ್ಚಿಗಳಿರುತ್ತವೆ. ಅದಕ್ಕೆ ಅವರೂ ಜೋಲಿ ಅಂತಲೇ ಅನ್ನುತ್ತಾರೆ, ನಮ್ಮ ಜೋಲಿ ಥರಾನೇ ಅಲ್ವಾ? ಸುಮ್ನೆ ಹೋಗಿ ಕೂತರೆ ಸಾಕು, ಯಾರಾದರೂ ಮಾತಾಡಿಸುತ್ತಾರೆ.

ನನಗೆ ಗೆಳೆಯರನ್ನು ಕೊಟ್ಟಿದ್ದು ಊರಿನ ಮಂಡಕ್ಕಿ. ಈರುಳ್ಳಿ, ಖಾರದಪುಡಿ, ಎಣ್ಣೆ ಹಾಕಿ ಕಲಸಿ ಸ್ಟಾಫ್ ರೂಮಿನಲ್ಲಿಟ್ಟೆ. ಹತ್ತು ನಿಮಿಷದಲ್ಲಿ ಡಬ್ಬಿ ಖಾಲಿ. ಮರುದಿನ ಒಬ್ಬರು ಮಸ್ ಹುನಿ ತಂದರು. ಅದರಲ್ಲಿ ತೆಂಗಿನತುರಿ ಜೊತೆ ಟ್ಯೂನಾ ಮೀನು ಇರುತ್ತದೆ. ನೀವು ಸಸ್ಯಾಹಾರಿಯಾದರೆ ಮೊದಲೇ ಹೇಳಿಬಿಡಿ. ಮಂಡಕ್ಕಿ ಮಾತ್ರ ಜಾಸ್ತಿನೇ ಒಯ್ಯಿರಿ.