ಹೊಸ ಬರಹ ಬಂತಾ ಅಂತ ದಿನಾ ಹುಡುಕಬೇಕಾ?

ಪ್ರಶ್ನೆ: ಯಕ್ಷಗಾನ, ಅಡಿಕೆ-ಕಾಳುಮೆಣಸು, ವಿಜ್ಞಾನ ಹೀಗೆ ಏಳೆಂಟು ಜಾಲತಾಣ ಖಾಯಂ ಓದುತ್ತೇನೆ. ಹೊಸದೇನಾದರೂ ಬಂತಾ ಅಂತ ಒಂದೊಂದನ್ನೇ ತೆರೆದು ನೋಡಬೇಕು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ತೋಟದ ಮೇಲಿನ ಬೆಟ್ಟ ಹತ್ತಿದರೆ ಮಾತ್ರ, ಮಳೆಗಾಲದಲ್ಲಿ ಅದೂ ಇಲ್ಲ. ವಾಟ್ಸಾಪ್ ಗುಂಪಿಗೆ ಸೇರಿದರೆ ಬೇಡದ ಸಂದೇಶವೇ ಜಾಸ್ತಿ. ಬೇರೆ ದಾರಿ ಇದೆಯೇ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ಇದೆ. ನಿಮ್ಮಂಥ ಊರಿಗೆ ಹೇಳಿ ಮಾಡಿಸಿದ್ದು. ವೆಬ್ ಫೀಡ್ ಅಂತಾರೆ, ಆರ್‌ಎಸ್‌ಎಸ್ ಫೀಡ್ ಅಂತಲೂ ಕೇಳಿರಬಹುದು. 1999ರಲ್ಲೇ ನೆಟ್‌ಸ್ಕೇಪ್ ಕಂಪನಿ ಶುರು ಮಾಡಿದ್ದು ಇದು. ಬಹಳಷ್ಟು ಜಾಲತಾಣಗಳು ಒಂದು ಚಿಕ್ಕ ಕಡತ ಇಟ್ಟಿರುತ್ತವೆ. ಇತ್ತೀಚಿನ ಬರಹಗಳ ಶೀರ್ಷಿಕೆ, ದಿನಾಂಕ, ಕೊಂಡಿ ಅದರಲ್ಲಿರುತ್ತವೆ, ಕೆಲವರು ಪೂರ್ತಿ ಬರಹವನ್ನೇ ಹಾಕುತ್ತಾರೆ. ಫೋನಿನಲ್ಲಿ ಫೀಡ್ ಓದಲೆಂದೇ ಹಾಕಿಕೊಳ್ಳುವ ರೀಡರ್ ಆ್ಯಪ್ ಆಗಾಗ ಹೋಗಿ ಆ ಕಡತ ಬದಲಾಗಿದೆಯಾ ಅಂತ ಕೇಳುತ್ತದೆ, ಬದಲಾಗಿರದಿದ್ದರೆ ತಾಣದ ಸರ್ವರ್ ‘304’, ಅಂದರೆ ‘ಬದಲಾಗಿಲ್ಲ’ ಅನ್ನುವ ಪುಟ್ಟ ಉತ್ತರ ಕೊಟ್ಟು ಕಳಿಸುತ್ತದೆ, ಹಾಗಾಗಿ ಡೇಟಾ ಖರ್ಚು ತೀರಾ ಕಡಿಮೆ. ಫೋನ್ ನಂಬರ್, ಇಮೇಲ್ ಯಾವುದನ್ನೂ ತಾಣದವರಿಗೆ ಕೊಡಬೇಕಿಲ್ಲ. ಬೇಡ ಅನ್ನಿಸಿದ ದಿನ ನೀವೇ ಅಳಿಸಿದರೆ ಆಯ್ತು.

ಆಂಡ್ರಾಯ್ಡ್ ಫೋನಿಗೆ ‘ಫೀಡರ್’ ಅಂತ ಉಚಿತ ಆ್ಯಪ್ ಇದೆ, ಖಾತೆ ತೆರೆಯುವ ರಗಳೆಯಿಲ್ಲ. ಐಫೋನ್ ಆದರೆ ‘ನೆಟ್‌ನ್ಯೂಸ್‌ವೈರ್’, ಕಂಪ್ಯೂಟರಿನಲ್ಲಿ ‘ಥಂಡರ್‌ಬರ್ಡ್’. ಆ್ಯಪ್‌ನಲ್ಲಿ ತಾಣದ ವಿಳಾಸ ಹಾಕಿ, ಹೆಚ್ಚಿನ ಸಲ ಫೀಡ್ ಎಲ್ಲಿದೆ ಅಂತ ಅದೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಅಂತ ಸೇರಿಸಿ ನೋಡಿ, ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಯಕ್ಷಗಾನದ ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ. ಫೇಸ್‌ಬುಕ್ ಪುಟಗಳಿಗೆ ಮಾತ್ರ ಇಲ್ಲ.

ನಿಮಗೆ ಮುಖ್ಯವಾಗಿ ಬೇಕಾದ್ದು ಇದು: ಫೀಡರ್‌ನಲ್ಲಿ ಪ್ರತಿ ತಾಣಕ್ಕೂ ಪೂರ್ತಿ ಲೇಖನ ಇಳಿಸಿಕೊಳ್ಳುವ ಆಯ್ಕೆ ಇದೆ, ಅದನ್ನು ಆನ್ ಮಾಡಿಡಿ. ಪೇಟೆಗೆ ಹೋದಾಗಲೋ ಬೆಟ್ಟ ಹತ್ತಿದಾಗಲೋ ಆ್ಯಪ್ ತೆರೆದು ಪಟ್ಟಿಯನ್ನು ಬೆರಳಲ್ಲಿ ಕೆಳಗೆಳೆದರೆ ಹೊಸದೆಲ್ಲ ಇಳಿಯುತ್ತದೆ. ಆಮೇಲೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಆರಾಮಾಗಿ ಓದಬಹುದು. ಎಷ್ಟೋ ಸುದ್ದಿತಾಣಗಳು ಫೀಡ್‌ನಲ್ಲಿ ಎರಡು ಸಾಲು ಕೊಟ್ಟು ನಿಲ್ಲಿಸುತ್ತವೆ, ಇದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಅಂಥ ಕಡೆ ಈ ಆಯ್ಕೆ ಬಹಳ ಉಪಯೋಗಕ್ಕೆ ಬರುತ್ತದೆ. ಚಂದಾದಾರರಿಗೆ ಮಾತ್ರ ತೆರೆಯುವ ಲೇಖನ ಸಿಗುವುದಿಲ್ಲ ಅಷ್ಟೇ.

ಇನ್ನೊಂದು ಮಾತು. ಫೀಡ್ ಓದಲು ಬಹಳ ಜನ ಬಳಸುತ್ತಿದ್ದ, 2005ರಲ್ಲಿ ಬಂದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು. ಅದರ ಜೊತೆ ಫೀಡ್‌ಗಳ ಕಥೆಯೂ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡರು. ಮುಗಿದಿಲ್ಲ, ಪಾಡ್‌ಕಾಸ್ಟ್‌ಗಳು ಇವತ್ತಿಗೂ ಇದರ ಮೇಲೆಯೇ ನಡೆಯುತ್ತಿವೆ. ಆದರೆ ಒಂದೇ ಆ್ಯಪನ್ನು ನಂಬಿ ಸುಮ್ನೆ ಕೂರಬೇಡಿ. ಆ್ಯಪ್‌ನ ಮೆನುವಿನಲ್ಲೋ ಸೆಟ್ಟಿಂಗ್ಸ್‌ನಲ್ಲೋ ‘ಒಪಿಎಂಎಲ್’ ಕಡತ, ಅಂದರೆ ನಿಮ್ಮ ಫೀಡ್‌ಗಳ ಪಟ್ಟಿ, ಹೊರತೆಗೆಯುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ ಕಡತವನ್ನು ಎಲ್ಲಾದರೂ ಉಳಿಸಿಡಿ. ನಾಳೆ ಬೇರೆ ಆ್ಯಪ್ ಹಾಕಿಕೊಂಡರೂ ಆ ಕಡತ ಕೊಟ್ಟರೆ ನಿಮ್ಮ ಪಟ್ಟಿ ಪೂರ್ತಿ ಅಲ್ಲಿಗೆ ಬರುತ್ತದೆ.